ಒಂಬತ್ತು ಸೋಲು, ಒಂದು ಪಂಕ್ಚರ್

ಬಸವಂತರಾಯ: ಸೋಲು ಅಂತ ಬರೀಬ್ಯಾಡ ಅಂದ್ರ ಮತ್ತೇನ್ ಬರೀಲಿ?

ಗುಡುಸಾಬ: ಹಿನ್ನಡೆ ಅಂತ ಬರಿ. ತಾತ್ಕಾಲಿಕ ಹಿನ್ನಡೆ.

ಬಸವಂತರಾಯ: ಹತ್ತು ಮ್ಯಾಚಿನ್ಯಾಗ ಹತ್ತೂ ತಾತ್ಕಾಲಿಕ ಏನ್ಲೇ?

ಗುಡುಸಾಬ: ಒಂಬತ್ತು. ಜೇವರ್ಗಿ ಮ್ಯಾಚ್ ನಾವು ಸೋತಿಲ್ಲ.

ಬಸವಂತರಾಯ: ಜೇವರ್ಗಿಯವರು ಬಂದಾ ಇಲ್ಲ. ಅವರ ಕ್ರೂಸರ್ ದಾರ್ಯಾಗ ಪಂಕ್ಚರ್ ಆಗಿತ್ತು.

ಗುಡುಸಾಬ: ಅವರು ಬರಲಿಲ್ಲ, ನಾವು ಅಂಗಳದಾಗ ನಿಂತಿದ್ವಿ. ಹಂಗಾ ಬರಿ. "ಭೀಮಾ ಫೈಟರ್ಸ್ ಕೊನೀತನಕ ಅಂಗಳ ಬಿಟ್ಟು ಕದಲಲಿಲ್ಲ."

ಅಫಜಲಪುರದ ಬಸವಂತರಾಯರ ಪಡಸಾಲೆ. ಬೆಳಿಗ್ಗೆ ಒಂಬತ್ತೂವರೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸೇರಿ ನಡೆಸುವ ಕಬಡ್ಡಿ ಲೀಗಿನಲ್ಲಿ ಹನ್ನೊಂದು ಟೀಮು. ಎಲ್ಲರೂ ತಿಂಗಳ ಪಗಾರದ ಆಟಗಾರರು, ಬೆನ್ನ ಮೇಲೆ ಹೆಸರು ಅಚ್ಚಾದ ಅಂಗಿ, ಟೀಮಿಗೊಂದು ಕ್ರೂಸರ್ ಜೀಪು. ಹನ್ನೊಂದರಲ್ಲಿ ಹನ್ನೊಂದನೆಯದಾಗಿ ನಿಂತದ್ದು ಭೀಮಾ ಫೈಟರ್ಸ್. ಅದರ ಅಧ್ಯಕ್ಷರು ಬಸವಂತರಾಯರು, ಕೋಚು ಗುಡುಸಾಬ. ಇವತ್ತು ಹನ್ನೊಂದು ಗಂಟೆಗೆ ಕ್ಲಬ್ಬಿನ ಸದಸ್ಯರ ಸಭೆ. ಅಲ್ಲಿ ವರ್ಷದ ವರದಿ ಓದಬೇಕು, ಅದಾದ ಮೇಲೆ ಒಂದು ಠರಾವು ಪಾಸಾಗಬೇಕು. ಕೋಚನ್ನು ತೆಗೆಯುವ ಠರಾವು. ಅದನ್ನು ಅಧ್ಯಕ್ಷರು ನಿನ್ನೆಯೇ ಬರೆದು ಅಂಗಿಯ ಒಳಜೇಬಿಗೆ ಇಟ್ಟುಕೊಂಡಿದ್ದಾರೆ. ಗುಡುಸಾಬನಿಗೆ ಅದು ಗೊತ್ತು. ಗೊತ್ತಿಲ್ಲದವನ ಹಾಗೆ ಚಹಾ ಕುಡಿಯುತ್ತಿದ್ದಾನೆ. ಮನೆಯೊಳಗೆ ಕೂತಾಗಲೂ ಕೊರಳಲ್ಲಿ ಸೀಟಿ ನೇತಾಡುತ್ತಿದೆ.

ಇಬ್ಬರೂ ಹಳೆ ದೋಸ್ತರು. ತೊಗರಿ ಬೆಲೆಯ ಹೋರಾಟದಲ್ಲಿ ರಸ್ತೆಗೆ ಅಡ್ಡ ಮಲಗಿ, ಹದಿನೇಳು ದಿನ ಒಂದೇ ಬ್ಯಾರಕ್ಕಿನಲ್ಲಿ ಕಳೆದವರು. ಆ ಜೈಲಿನ ಅಂಗಳದಲ್ಲಿ ಗುಡುಸಾಬ ಕೈದಿಗಳ ಕಬಡ್ಡಿ ಟೀಮು ಕಟ್ಟಿ ವಾರ್ಡರುಗಳನ್ನು ಸೋಲಿಸಿದ್ದ. ಆ ಒಂದೇ ಗೆಲುವನ್ನು ನಂಬಿ ಬಸವಂತರಾಯರು ಅವನನ್ನು ಕೋಚು ಮಾಡಿದರು. ಆ ಮ್ಯಾಚಿನ ರೆಫರಿಯೂ ಕೈದಿಯೇ ಆಗಿದ್ದ ಅನ್ನುವುದು ಅವರಿಗೆ ನೆನಪಾದದ್ದು ಈ ವರ್ಷದ ಐದನೆಯ ಸೋಲಿನ ನಂತರ.

ಬಸವಂತರಾಯರ ಹೆಂಡತಿ ಸುಂದರಬಾಯಿ ಬಾಗಿಲಲ್ಲಿ ಕೂತು ಮೆಂತೆ ಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದರು. ಅಷ್ಟೂ ಮ್ಯಾಚು ನೋಡಿದವರು.

ಸುಂದರಬಾಯಿ: ನಾ ಒಂದ್ ಮಾತ್ ಕೇಳ್ತೇನ್ರಿ ಗುಡುಸಾಬಣ್ಣಾ. ನಮ್ಮ ಹುಡುಗ್ರನ್ನ ಯಾರರ ಹಿಡದ್ರಂದ್ರ, ಯಾಕ ಹಂಗ ಸತ್ತವರಂಗ ಬಿದ್ದುಬಿಡ್ತಾರ?

ಗುಡುಸಾಬ: ಅದು ಟ್ರೇನಿಂಗ್, ವೈನಿ. ಹಿಡದಾಗ ಮೈ ಬಿಗಿ ಮಾಡಬಾರದು. ಸಡಿಲ ಬಿಟ್ರ ಮನಷ್ಯಾ ಎರಡು ಪಟ್ಟು ತೂಕ ಆಗ್ತಾನ. ನನ್ನ ಎತ್ತಬೇಕಂದ್ರ ನಾಕ ಮಂದಿ ಪೊಲೀಸರು ಬೇಕಾಗ್ತಿತ್ತು.

ಬಸವಂತರಾಯ: ಪೊಲೀಸರಿಗಿ ಎತ್ತಿ ವ್ಯಾನಿನ್ಯಾಗ ಹಾಕೋ ಕೆಲಸ ಇತ್ತಲೇ. ಇಲ್ಲಿ ಯಾರೂ ಎತ್ತೋದಿಲ್ಲ. ಬಿದ್ದಲ್ಲೇ ಬಿಡ್ತಾರ, ರೆಫರಿ ಔಟ್ ಅಂತಾನ. ಒದ್ದಾಡಿ ನಡುಗೆರಿ ಮುಟ್ಟಬೇಕಾದವ ಮಲ್ಕೊಂಡುಬಿಟ್ರ ಹ್ಯಾಂಗ?

ಗುಡುಸಾಬ: ಒಬ್ಬನಿಗಾರ ಎಲುಬು ಮುರದದೇನು? ಹನ್ನೊಂದು ಟೀಮಿನ್ಯಾಗ ಗಾಯ ಆಗಲಾರದ ಟೀಮು ನಮ್ದೊಂದಾ. ಅದನ್ನೂ ಬರಿ.

ಬಸವಂತರಾಯರು ಪೆನ್ನು ಜೇಬಿಗೆ ಸಿಕ್ಕಿಸಿ ಬೆರಳು ಮಡಚುತ್ತ ಒಂದೊಂದೇ ಹೇಳಿಕೊಂಡು ಹೋದರು. ಹವಳಗಾ ಮ್ಯಾಚಿನಲ್ಲಿ ಎದುರಿನ ರೇಡರ್ ಒಳಗೆ ಬಂದಾಗ ನಮ್ಮ ಏಳೂ ಮಂದಿ ಅವನನ್ನು ಸುತ್ತುವರಿದು ನಿಂತರು, ಒಬ್ಬನೂ ಕೈ ಹಚ್ಚಲಿಲ್ಲ. ಘೇರಾವ್ ಹಾಕಿದವರು ಮೈ ಮುಟ್ಟಬಾರದು, ಮುಟ್ಟಿದರೆ ಕೇಸಾಗುತ್ತದೆ ಅಂತ ಕೋಚು ಕಲಿಸಿದ್ದ. ಆ ರೇಡರ್ ಶಾಲೆಯ ಮಾಸ್ತರು ಹಾಜರಿ ತೆಗೆದುಕೊಂಡ ಹಾಗೆ ಏಳೂ ಮಂದಿಯನ್ನು ಸಾಲಾಗಿ ಮುಟ್ಟಿ, ಆರಾಮಾಗಿ ನಡೆದುಕೊಂಡು ವಾಪಸು ಹೋದ. ಆಳಂದದಲ್ಲಿ ಒಂದು ಪಾಯಿಂಟಿನ ತಕರಾರಿಗೆ ಇಡೀ ಟೀಮು ಆಟಕ್ಕೆ ಬಹಿಷ್ಕಾರ ಹಾಕಿ ಹೊರಗೆ ಬಂತು. ಬರುವಾಗ ಟೀಮು ಮೂರು ಪಾಯಿಂಟು ಮುಂದಿತ್ತು. ನಿಂಬರ್ಗಾದಲ್ಲಿ ಐದು ನಿಮಿಷದ ವಿರಾಮದಲ್ಲಿ ಗುಡುಸಾಬ ಇಪ್ಪತ್ತು ನಿಮಿಷ ಭಾಷಣ ಮಾಡಿದ. ಹುಡುಗರು ಕೈ ಕಟ್ಟಿ ಕೇಳುತ್ತ ಕೂತಿರುವಾಗಲೇ ಎದುರು ಟೀಮು ಗೆದ್ದಿತು ಅಂತ ಮೈಕಿನಲ್ಲಿ ಹೇಳಿಯಾಗಿತ್ತು.

ಗುಡುಸಾಬ: ಭಾಷಣ ಹ್ಯಾಂಗಿತ್ತು, ಅದು ಹೇಳು.

ಬಸವಂತರಾಯ: ಭಾಷಣ ಚಲೋ ಇತ್ತು.

ಗುಡುಸಾಬ: ಬರಿ ಮತ್ತ ಅದನ್ನ.

ಬಸವಂತರಾಯ: ನೋಡು ಗುಡುಸಾಬ, ಸಭಾದಾಗ ನಾಕ ಮಂದಿ ಮುಂದ ತೆಗಿಸ್ಕೊಳ್ಳೋದಕಿಂತ ನೀನಾ ರಾಜೀನಾಮೆ ಕೊಡು. ಮರ್ಯಾದಿ ಉಳೀತದ.

ಗುಡುಸಾಬ: ಮೂವತ್ತು ವರ್ಷ ನಾ ಮಂದೀ ರಾಜೀನಾಮೆ ಕೇಳೇನಿ. ಮಂತ್ರಿಗೋಳ್ದು ಕೇಳೇನಿ, ತಹಸೀಲ್ದಾರಂದು ಕೇಳೇನಿ. ಕೊಟ್ಟು ರೂಢಿ ಇಲ್ಲ.

ಬಸವಂತರಾಯ: ಅವರೂ ಯಾರೂ ಕೊಟ್ಟಿಲ್ಲ.

ಗುಡುಸಾಬ: ಹೌದಿಲ್ಲೋ? ಮತ್ತ ನಾ ಒಬ್ಬನಾ ಯಾಕ ಕೊಡ್ಲಿ?

ಸುಂದರಬಾಯಿ ಗಂಡನಿಗೆ ಕಣ್ಣು ಮಾಡಿ, ಹಿಟ್ಟಿನ ಗಿರಣಿಯಲ್ಲಿ ಗುಡುಸಾಬನ ಹೆಂಡತಿ ಚಾಂದಬೀ ಸಿಕ್ಕು ಹೇಳಿದ್ದನ್ನು ಹೇಳಿದರು. ಕೋಚಗಿರಿ ಬಂದಾಗಿನಿಂದ ಆ ಮನೆಯಲ್ಲಿ ಶಾಂತಿ ಇದೆ. ಈಗಿನ ಹೋರಾಟ ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಮುಗಿಯುತ್ತದೆ. ಗುಡುಸಾಬನನ್ನು ಯಾರೂ ಕರೆಯುವುದಿಲ್ಲ. ಅದಕ್ಕಿಂತ ಮುಂಚೆ ಅವನು ದಿನವಿಡೀ ಮನೆಯಲ್ಲೇ ಇದ್ದು, ಸಾರಿಗೆ ಉಪ್ಪು ಕಡಿಮೆಯಾಯಿತು ಅಂತ ಚಾಂದಬೀಗೆ ಎರಡು ಸಲ ಮನವಿ ಪತ್ರ ಕೊಟ್ಟಿದ್ದ. ಎರಡನೆಯದರಲ್ಲಿ ಗಡುವೂ ಇತ್ತು.

ಗುಡುಸಾಬ: ಅದೇನೋ ಮನಿ ಮಾತು, ಬಿಡ್ರಿ ವೈನಿ. ಹದಿನಾಕ ಹುಡುಗ್ರು ಬೆಳಿಗ್ಗೆ ಆರಕ್ಕ ಬಂದು ನಾ ಕುಂದ್ರಂದ್ರ ಕುಂದ್ರತಾರ, ಏಳಂದ್ರ ಏಳ್ತಾರ. ಇವತ್ತಿನ ದಿನದಾಗ ಯಾವ ಲೀಡರಿಗಿ ಹದಿನಾಕ ಮಂದಿ ಅದಾರ ಬಸವಂತ? ನನ್ನ ಕಡಿಂದ ಅದನ್ನ ಕಸಗೋಬ್ಯಾಡ.

ಬಸವಂತರಾಯರು ಒಳಜೇಬಿನ ಮೇಲೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ಹೊರಗೆ ಗದ್ದಲ ಎದ್ದಿತು. ಕಿಟಕಿಯಿಂದ ನೋಡಿದರೆ ಗೇಟಿನ ಮುಂದೆ ಹದಿನಾಲ್ಕೂ ಆಟಗಾರರು ನೆಲದ ಮೇಲೆ ಕೂತಿದ್ದಾರೆ. ಎರಡು ಬಡಿಗೆಗೆ ಕಟ್ಟಿದ ಹಾಸಿಗೆ ಚಾದರು, ಅದರ ಮೇಲೆ ಕೆಂಪು ಬಣ್ಣದಲ್ಲಿ ಏನೋ ಬರಹ. ಚಾದರು ತಿರುವುಮುರುವಾಗಿದ್ದರಿಂದ ಒಳಗಿನವರಿಗೆ ಓದಲಾಗಲಿಲ್ಲ.

ಗುಡುಸಾಬನ ಎದೆ ಉಬ್ಬಿತು. ಕೋಚನ್ನು ತೆಗೆದರೆ ಹುಡುಗರು ಸುಮ್ಮನಿರುವುದಿಲ್ಲ ಅಂತ ಮೊದಲೇ ಹೇಳಬೇಕೆಂದಿದ್ದೆ, ಬಡಾಯಿ ಅಂದುಕೊಂಡೀರಿ ಅಂತ ಹೇಳಲಿಲ್ಲ ಅಂದ. ಟ್ರ್ಯಾಕ್‌ಸೂಟಿನ ಜಿಪ್ಪು ಕೊರಳತನಕ ಏರಿಸಿಕೊಂಡು, ಮಂದಿಗೆ ಕೈ ಮಾಡುವ ನಮೂನೆಯಲ್ಲಿ ಒಂದು ಕೈ ಮೇಲೆತ್ತಿ ಹೊರಗೆ ಹೋದ. ಹಿಂದೆ ಬಸವಂತರಾಯರು, ಅವರ ಹಿಂದೆ ಪಲ್ಲೆಯ ಬುಟ್ಟಿ ಸಮೇತ ಸುಂದರಬಾಯಿ.

ಗೇಟು ದಾಟಿದಾಗ ಕೂಗು ಸ್ಪಷ್ಟವಾಗಿ ಕೇಳಿತು. ಟೀಮಿನ ರೇಡರ್ ಮುಜಮ್ಮಿಲ ಎದ್ದು ನಿಂತು, "ನಮ್ಮ ಸೋಲಿಗೆ ಕಾರಣ ಯಾರು?" ಅಂತ ಕೇಳುತ್ತಿದ್ದ. ಉಳಿದ ಹದಿಮೂರು ಮಂದಿ ಕೋಚಿನ ಹೆಸರು ಹೇಳುತ್ತಿದ್ದರು. ಚಾದರಿನ ಮೇಲೆ "ಕೋಚನ್ನು ತೆಗೆಯಿರಿ, ಟೀಮು ಉಳಿಸಿರಿ" ಅಂತ ಬರೆದಿತ್ತು.

ಮೇಲೆತ್ತಿದ ಕೈ ಮೇಲೆಯೇ ಉಳಿಯಿತು. ಹುಡುಗರೂ ಅವನನ್ನು ನೋಡಿ ಕೂಗು ಅರ್ಧಕ್ಕೆ ಬಿಟ್ಟರು. ಕ್ಯಾಪ್ಟನ್ ಸಂತೋಷಕುಮಾರ ಒಂದು ಹಾಳೆ ಹಿಡಿದುಕೊಂಡು ಎದ್ದು, ಎಲ್ಲಿ ನೋಡಬೇಕೋ ತಿಳಿಯದೆ ಸೀಟಿಯನ್ನೇ ನೋಡುತ್ತ ನಿಂತ.

ಸಂತೋಷಕುಮಾರ: ಸರ, ನೀವು ಒಳಗ ಇರ್ತೀರಂತ ನಮಗ ಗೊತ್ತಿರ್ಲಿಲ್ರಿ. ಇದು ಅಧ್ಯಕ್ಷರಿಗಿ ಕೊಡಾಕ ತಂದೇವ್ರಿ.

ಗುಡುಸಾಬ: ಕೊಡು ಇಲ್ಲಿ.

ಅವನು ಹಾಳೆಯನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದು ಓದಿದ. ಓದಿದಂತೆ ಹಣೆ ಗಂಟಿಕ್ಕಿತು. ಸುಂದರಬಾಯಿ ಬುಟ್ಟಿ ಕೆಳಗಿಟ್ಟರು. ಮನುಷ್ಯ ಅಳುತ್ತಾನೋ ಬಡಿಯುತ್ತಾನೋ ಅನ್ನುವ ಹಾಗಿತ್ತು.

ಗುಡುಸಾಬ: ತಾರೀಖ ಎಲ್ಲದ?

ಸಂತೋಷಕುಮಾರ: ಏನ್ರಿ ಸರ?

ಗುಡುಸಾಬ: ತಾರೀಖಿಲ್ಲ, ಯಾರಿಗಿ ಅಂತ ಇಲ್ಲ, ವಿಷಯ ಅಂತ ಇಲ್ಲ. ಮನವಿ ಪತ್ರ ಹಿಂಗ ಬರೀತಾರೇನಲೇ? ಮತ್ತ ಇದೇನು, ಏಳು ಬೇಡಿಕೆ? ಕೋಚನ್ನ ತೆಗೀಬೇಕು, ದಿನಾ ಎರಡು ಕೋಳಿ ತತ್ತಿ ಕೊಡಬೇಕು, ಮ್ಯಾಟ್ ಬದಲು ಮಾಡಬೇಕು. ಏಳು ಕೇಳಿದ್ರ ಅವ ತತ್ತಿ ಕೊಟ್ಟು ಕೋಚನ್ನ ಉಳಿಸಿಕೋತಾನ. ನನಗ ಗೊತ್ತದ ಅವನ ಬುದ್ಧಿ. ಒಂದಾ ಬೇಡಿಕೆ ಇಡ್ರಿ.

ಮುಜಮ್ಮಿಲ: ಯಾವ್ದು ಇಡೋಣ್ರಿ ಸರ?

ಗುಡುಸಾಬ: ಕೋಚಿಂದು. ತತ್ತಿ ಆಮ್ಯಾಲ ನೋಡಮು.

ಅಲ್ಲಿಗೆ ಅವನು ಬಸವಂತರಾಯರ ಜೇಬಿನಿಂದ ಪೆನ್ನು ಕಿತ್ತುಕೊಂಡು, ಮುಜಮ್ಮಿಲನ ಬೆನ್ನ ಮೇಲೆ ಹಾಳೆ ಇಟ್ಟು ತಿದ್ದಲು ಸುರುಮಾಡಿದ. "ಕೋಚು ಸರಿ ಇಲ್ಲ" ಅಂತಿದ್ದದ್ದನ್ನು ಹೊಡೆದು "ಕೋಚಿನ ಬೇಜವಾಬ್ದಾರಿ, ಹಳೆಯ ಪದ್ಧತಿ ಹಾಗೂ ಅತಿಯಾದ ಭಾಷಣದಿಂದ" ಅಂತ ಬರೆದ. ಭಾಷಣದ ಮಾತು ಹುಡುಗರು ಬರೆದಿರಲಿಲ್ಲ. ಬಲವಾದ ಕಾರಣ ಬೇಕು ಅಂತ ತಾನೇ ಸೇರಿಸಿದ. ಆಮೇಲೆ ಕೂತ ರೀತಿ ನೋಡಿ ಬೈದ: ಇಬ್ಬರ ನಡುವೆ ಆಡು ಹೋಗುವಷ್ಟು ಜಾಗ ಬಿಟ್ಟಿದ್ದೀರಿ, ಇದು ಧರಣಿಯೋ ಊಟದ ಪಂಕ್ತಿಯೋ ಅಂತ ಕೇಳಿದ. ತೋಳಿಗೆ ತೋಳು ಸಿಕ್ಕಿಸಿ ಗೇಟಿಗೆ ಅಡ್ಡ ಕೂಡಿಸಿದ. ನಡುವೆ ಒಂದು ಜಾಗ ಖಾಲಿ ಉಳಿಯಿತು. ಅಲ್ಲಿ ತಾನೇ ಕೂತ.

ಬಸವಂತರಾಯ: ಲೇ, ನೀ ಯಾಕ ಕುಂತಿ?

ಗುಡುಸಾಬ: ಬೇಡಿಕೆ ನ್ಯಾಯದ್ದದ. ನ್ಯಾಯದ ಬೇಡಿಕೆ ಎದುರಿಗಿ ನಾ ಎಂದೂ ನಿಂತಿಲ್ಲ.

ಬಸವಂತರಾಯ: ಬಹಳ ಚಲೋ ಆತು. ಏಳ್ರಿ ಎಲ್ಲಾರೂ. ಇವನ್ನ ತೆಗೀಲಾಕಾ ನಾ ಹೊಂಟೇನಿ. ನೋಡ್ರಿ, ಠರಾವೂ ಬರದೇನಿ.

ಅಧ್ಯಕ್ಷರು ಒಳಜೇಬಿನ ಕಾಗದ ಹೊರಗೆ ತೆಗೆದು ಮೇಲೆತ್ತಿ ತೋರಿಸಿದರು. ಹುಡುಗರು ಏಳಲು ಹೊರಟರು. ಗುಡುಸಾಬ ಎರಡೂ ಬದಿಯವರನ್ನು ತೋಳು ಹಿಡಿದು ಕೂಡಿಸಿದ.

ಗುಡುಸಾಬ: ಸೈನ್ ಇಲ್ಲ ಅದಕ್ಕ. ಸೈನಿಲ್ಲದ ಕಾಗದ ತೋರಿಸಿ ಎಬ್ಬಸ್ತಾರ, ಆಮ್ಯಾಲ ಹಿಂದಿನ ಬಾಗಿಲಿಂದ ಕೋಚನ್ನ ವಾಪಸ್ ಕರ್ಕೋತಾರ. ಮೂವತ್ತು ವರ್ಷ ಇದನ್ನಾ ನೋಡೇನಿ.

ಬಸವಂತರಾಯ: ಸಭಾ ಆದ ಮ್ಯಾಲಲ್ಲಲೇ ಸೈನು? ಮೊದಲ ನಾ ಸಭಾಕ್ಕ ಹೋಗಬೇಕಲ್ಲ?

ಗುಡುಸಾಬ: ಸೈನಾಗೋತನಕ ಗೇಟು ದಾಟಂಗಿಲ್ಲ.

ಬಸವಂತರಾಯ: ಗೇಟು ದಾಟೋತನಕ ಸೈನಾಗಂಗಿಲ್ಲ.

ಮುಜಮ್ಮಿಲ ಮತ್ತೆ ಕೂಗು ಎತ್ತಿದ. ಮ್ಯಾಚಿನಲ್ಲಿ ಎಂಟು ಸೆಕೆಂಡಿಗೆ ಉಸಿರು ಬಿಡುತ್ತಿದ್ದವನು ಇಲ್ಲಿ ಒಂದೇ ಉಸಿರಿಗೆ ಒಂಬತ್ತು ಸೋಲಿಗೆ ಕೋಚಿನ ಒಂಬತ್ತು ತಪ್ಪು ಹೇಳಿ ಮುಗಿಸಿದ. ಗುಡುಸಾಬ ಅವನ ಬೆನ್ನು ತಟ್ಟಿ, ಕೋಚಿಗೆ ಧಿಕ್ಕಾರ ಅಂತ ತಾನೂ ದನಿಗೂಡಿಸಿದ. ಅವನ ದನಿ ಎಲ್ಲರಿಗಿಂತ ಮುಂದಿತ್ತು. ಎದುರು ಮನೆಯವರು ಮಾಳಿಗೆ ಹತ್ತಿದರು.

ಅದನ್ನು ನೋಡಿ ಬಸವಂತರಾಯರ ತಲೆ ತಿರುಗಿತು. ನಿನ್ನೆಯಿಂದ ಅವನನ್ನು ತೆಗೆಯಬೇಕೆಂದು ಕೂತಿದ್ದವರು, ಈಗ ಮಂದಿ ಮುಂದೆ ಗೇಟಿಗೆ ಅಡ್ಡ ಕೂತು ಕೇಳುತ್ತಾರಲ್ಲ ಅಂತ ಸಿಟ್ಟಾದರು. ಇವತ್ತು ಕೋಚು ಅಂದವರು ನಾಳೆ ಅಧ್ಯಕ್ಷ ಅನ್ನುತ್ತಾರೆ.

ಬಸವಂತರಾಯ: ಒತ್ತಡಕ್ಕ ಮಣಿಯೋ ಅಧ್ಯಕ್ಷ ನಾ ಅಲ್ಲ. ಗುಡುಸಾಬ ನನ್ನ ದೋಸ್ತ. ಅವನಾ ಕೋಚು, ಮುಂದಿನ ವರ್ಷಾನೂ ಅವನಾ. ಏನ್ ಮಾಡ್ಕೋತೀರಿ ಮಾಡ್ಕೋರಿ.

ಅಂದವರೇ ಠರಾವನ್ನು ನಾಲ್ಕು ತುಂಡು ಮಾಡಿ ಗಾಳಿಗೆ ಬಿಟ್ಟರು. ಒಂದು ತುಂಡು ಗುಡುಸಾಬನ ತಲೆಯ ಮೇಲೆ ಕೂತಿತು.

ಸುಂದರಬಾಯಿ: ಗುಡುಸಾಬಣ್ಣಾ, ನಿಮ್ಮ ಕೆಲಸ ಉಳೀತಲ್ರಿ. ನೀವು ಬಂದಿದ್ದಾ ಇದಕ್ಕ. ಈಗ ಸುಮ್ಮ ಎದ್ದು ಮನಿಗಿ ಹೋಗ್ರಿ, ಚಾಂದಬೀಗಿ ಸಿಹಿ ಸುದ್ದಿ ಹೇಳ್ರಿ.

ಗುಡುಸಾಬ ಆ ತುಂಡು ಕಾಗದ ತೆಗೆದು ನೋಡಿದ. ಅದರಲ್ಲಿ ತನ್ನ ಹೆಸರೇ ಇತ್ತು. ಏಳಲು ನೆಲಕ್ಕೆ ಕೈಯೂರಿದ. ಆಗ ಸಂತೋಷಕುಮಾರ ಅವನ ಮುಖ ನೋಡಿದ, ಮುಜಮ್ಮಿಲ ನೋಡಿದ, ಹದಿನಾಲ್ಕು ಮಂದಿಯೂ ನೋಡಿದರು. ಕೋಚು ಎದ್ದರೆ ಏಳಬೇಕೋ ಕೂಡಬೇಕೋ ಅಂತ ಕೇಳುವ ನೋಟ. ಗುಡುಸಾಬ ಕೈ ಹಿಂದಕ್ಕೆ ತೆಗೆದ.

ಗುಡುಸಾಬ: ವೈನಿ, ಈಗ ನಾ ಎದ್ದು ಹೋದ್ರ ಈ ಹುಡುಗ್ರು ಜಲ್ಮದಾಗ ಮತ್ತೊಮ್ಮೆ ಯಾರ ಗೇಟಿನ ಮುಂದೂ ಕುಂದ್ರೋದಿಲ್ಲ. ಹಿಂಗ ಎದ್ದು ಹೋದ ಲೀಡರಿಗೋಳನ್ನ ಬೈದಾ ನಾ ಮುದುಕ ಆಗೇನಿ.

ಸುಂದರಬಾಯಿ: ಹೋಗೋದು ನಿಮ್ಮ ಕೆಲಸರೀ.

ಗುಡುಸಾಬ: ಹೋಗ್ಲಿ. ಕೂಗ್ರಿಲೇ, ಯಾಕ ಸುಮ್ಮಾದ್ರಿ? ಆಡಳಿತ ಮಂಡಳಿ ಮನವಿ ಹರದು ಹಾಕ್ಯದ.

ಹರಿದದ್ದು ಮನವಿ ಅಲ್ಲ, ನಿನ್ನನ್ನು ತೆಗೆಯುವ ಠರಾವು ಅಂತ ಬಸವಂತರಾಯರು ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಹತ್ತೂ ಮುಕ್ಕಾಲಾಯಿತು. ಸಭೆಯಿಂದ ಫೋನಿನ ಮೇಲೆ ಫೋನು. ಅಧ್ಯಕ್ಷರು ಬರದಿದ್ದರೆ ಹೊಸ ಅಧ್ಯಕ್ಷರನ್ನು ಮಾಡಿಕೊಳ್ಳುತ್ತೇವೆ ಅಂತ ಯಾರೋ ಹೇಳಿದರಂತೆ. ಬಸವಂತರಾಯರು ಧೋತರ ಮೇಲಕ್ಕೆ ಕಟ್ಟಿದರು. ಅವರೂ ಒಂದು ಕಾಲಕ್ಕೆ ತಾಲ್ಲೂಕಿಗೇ ಹೆಸರಾದ ರೇಡರ್. ಎಡಕ್ಕೆ ಹೋಗುವ ಹಾಗೆ ಮಾಡಿ, ಬಲಕ್ಕೆ ಹೊರಳಿ, ಮುಜಮ್ಮಿಲನ ತಲೆ ದಾಟಿ ಜಿಗಿದೇ ಬಿಟ್ಟರು.

ನೆಲಕ್ಕೆ ಕಾಲು ಮುಟ್ಟುವ ಮೊದಲು ಸಂತೋಷಕುಮಾರ ಕೂತಲ್ಲಿಂದಲೇ ಹಾರಿ ಅವರ ಕಾಲಿನ ಹರಡು ಹಿಡಿದ. ಎಡಕ್ಕೆ ನಾಲ್ಕು, ಬಲಕ್ಕೆ ಐದು ಮಂದಿ ಮೇಲೆ ಬಿದ್ದರು. ಧೂಳು. ಗುಡುಸಾಬ ಸೀಟಿ ಜೋರಾಗಿ ಊದಿದ.

ಗುಡುಸಾಬ: ಔಟ್.

ಸಂತೋಷಕುಮಾರ: ತಪ್ಪಾತ್ರಿ ಅಧ್ಯಕ್ಷರ. ರೂಢಿರಿ.

ಬಸವಂತರಾಯ (ಧೂಳಿನೊಳಗಿಂದ): ಒಂಬತ್ತು ಮ್ಯಾಚಿನ್ಯಾಗ ಎಲ್ಲಿ ಹೋಗಿತ್ತಲೇ ಈ ರೂಢಿ?

ಅಧ್ಯಕ್ಷಗಿರಿಯೇ ಹೋದೀತೆಂದು ಹೆದರಿ ಬಸವಂತರಾಯರು ಸೈನಿಗೆ ಒಪ್ಪಿದರು, ಮಲಗಿದಲ್ಲೇ ಅವರಿಗೆ ಪೆನ್ನು ಕೊಟ್ಟರು. ಸುಂದರಬಾಯಿ ಒಳಗಿನಿಂದ ಖಾಲಿ ಹಾಳೆ ತಂದರು, ಹಾಳೆಯ ಅಡಿಗೆ ಇಡಲು ಮೊರವನ್ನೂ ತಂದರು. ಒಕ್ಕಣೆ ಗುಡುಸಾಬ ಹೇಳಿದ. ಕೋಚು ಗುಡುಸಾಬ ಇವರನ್ನು ತೆಗೆಯಲಾಗಿದೆ ಅಂತ ಬಸವಂತರಾಯರು ಬರೆದರೆ, "ಈ ಕ್ಷಣದಿಂದ" ಅಂತ ಸೇರಿಸಲು ಹೇಳಿದ, ಇಲ್ಲದಿದ್ದರೆ ಮುಂದೆ ಕೊಸರಾಡಲು ಜಾಗ ಉಳಿಯುತ್ತದೆ ಅಂದ. ಸೈನಾಯಿತು. ಇಬ್ಬರು ಸಾಕ್ಷಿಯೂ ಆದರು.

ಹುಡುಗರು ಕುಣಿದರು. ಸೀಜನ್ನಿನಲ್ಲಿ ಮೊದಲ ಸಲ ಏನನ್ನೋ ಗೆದ್ದಿದ್ದರು, ಹೇಗೆ ಕುಣಿಯಬೇಕೆಂಬುದೇ ಮರೆತಿತ್ತು. ಕಡೆಗೆ ಗುಡುಸಾಬನನ್ನು ಹೆಗಲ ಮೇಲೆ ಹೊತ್ತುಕೊಂಡು ಗೇಟಿನಿಂದ ಬೇವಿನ ಗಿಡದ ತನಕ ಹೋಗಿ, ತಿರುಗಿ ಬಂದರು. ಹೆಗಲ ಮೇಲೆ ಕೂತೇ ಅವನು ಕಾಗದವನ್ನು ಇನ್ನೊಮ್ಮೆ ಓದಿದ. ಓದುತ್ತ ಓದುತ್ತ ನಗು ನಿಂತಿತು. ಕೆಳಗೆ ಇಳಿಸಲು ಹೇಳಿದ.

ಗುಡುಸಾಬ: ಬಸವಂತ, ಕಾರಣ ಕೇಳಿ ನೋಟೀಸು ಕೊಟ್ಟೀಯೇನು?

ಬಸವಂತರಾಯ: ಯಾರಿಗಿ?

ಗುಡುಸಾಬ: ಕೋಚಿಗಿ. ಕೆಲಸದಿಂದ ತೆಗಿಯೋಕಿಂತ ಮೊದಲ ನೋಟೀಸು ಕೊಡಬೇಕು, ಅವನ ಮಾತು ಕೇಳಬೇಕು. ಹಂಗ "ಈ ಕ್ಷಣದಿಂದ" ಅಂತ ತೆಗಿಯಾಕ ಬರ್ತದೇನು? ಎಂಥ ಅನ್ಯಾಯ ಇದು.

ಬಸವಂತರಾಯ: ನೀನಾ ಬರಿಸಿದ್ದಲ್ಲಲೇ ಅದು?

ಗುಡುಸಾಬ: ಬರಿಸಿದವ ಹೋರಾಟದವ. ಕೆಲಸ ಕಳಕೊಂಡವ ಬ್ಯಾರೆ ಮನಷ್ಯಾ. ಆ ಬಡವನ ಪರವಾಗಿ ಇಲ್ಲಿ ಒಬ್ಬರೂ ಬಾಯಿ ತೆಗದಿಲ್ಲ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಸಂತೋಷಕುಮಾರ ಒಂದು ಹೆಜ್ಜೆ ಮುಂದೆ ಬಂದ.

ಸಂತೋಷಕುಮಾರ: ನಾವು ಅದೇವಲ್ರಿ ಸರ. ಕುಂದ್ರೋಣೇನ್ರಿ?

ಹದಿನಾಲ್ಕೂ ಮಂದಿ ತೋಳಿಗೆ ತೋಳು ಸಿಕ್ಕಿಸಿ ಗೇಟಿಗೆ ಅಡ್ಡ ಕೂತರು. ಈ ಸಲ ನಡುವೆ ಸಂದಿ ಇರಲಿಲ್ಲ. ಬಸವಂತರಾಯರು ಕೈ ಮುಗಿದು, ಇವತ್ತೊಂದಿನ ಸಭೆಗೆ ಹೋಗಲು ಬಿಡ್ರಿ, ಏನಿದ್ದರೂ ನಾಳೆ ನೋಡೋಣ ಅಂದರು. ಗುಡುಸಾಬ ಹೋರಾಟ ಸಮಿತಿಯ, ಅಂದರೆ ಹುಡುಗರ, ಅಭಿಪ್ರಾಯ ಕೇಳಿದ, ಸಮಿತಿ ಹೂಂ ಅಂತ ತಲೆ ಅಲ್ಲಾಡಿಸಿತು. ನಾಳೆ ಬೆಳಿಗ್ಗೆ ಎಂಟರಿಂದ ಅನಿರ್ದಿಷ್ಟ ಧರಣಿ, ಕೋಚನ್ನು ವಾಪಸು ತೆಗೆದುಕೊಳ್ಳುವ ತನಕ, ಅಂತ ಅಲ್ಲೇ ಘೋಷಣೆ ಆಯಿತು.

ಸುಂದರಬಾಯಿ ಪಲ್ಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೊರಟವರು ಹೊಸ್ತಿಲಲ್ಲಿ ತಿರುಗಿ ನಿಂತರು.

ಸುಂದರಬಾಯಿ: ಧಿಕ್ಕಾರ ಯಾರಿಗಿ ಬೇಕಾದ್ರ ಕೂಗ್ರಿ. ನಾಳಿ ಎಷ್ಟು ಮಂದಿಗಿ ರೊಟ್ಟಿ ಬಡೀಬೇಕು, ಅದೊಂದು ಈಗಾ ಹೇಳಿ ಹೋಗ್ರಿ.